ಎರಡನೆಯ ಸಾಲಿಗೆ ಹ್ಞೂಂ

ಆ ಊರಿಗೆ ಇಳಿದ ಮೊದಲ ದಿನವೇ ಬಸ್ ನಿಲ್ದಾಣದ ಖಾಲಿ ಬೆಂಚೊಂದು ನನ್ನನ್ನು ಬಯ್ದಿತು. "ಇನ್ನೆಷ್ಟು ಹೊತ್ತು ಕಾಯಲಿ? ಗಡಿಯಾರ ನೋಡೋಕೆ ಬರುತ್ತೋ ಇಲ್ಲವೋ ನಿನಗೆ?" ಹೆಂಗಸಿನ ದನಿ, ಹೆಂಗಸು ಇಲ್ಲ. ವರ್ಷವಿಡೀ ಕೂತು ಕಲಿತಿದ್ದ ಅಲ್ಲಿಯ ಭಾಷೆ ನನಗೆ ಮೊದಲು ಅರ್ಥವಾದದ್ದು ಹೀಗೆ, ಬೈಗುಳವಾಗಿ. ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟೆ. ಅಷ್ಟರಲ್ಲಿ ತರಕಾರಿ ಚೀಲದವನೊಬ್ಬ ಬಂದು ಬೆಂಚಿನ ತುದಿಗೆ ಕೂತ. ದನಿ ಮತ್ತೆ ಮೊದಲಿನಿಂದ ಶುರುವಾಯಿತು. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿ, "ಹೌದಮ್ಮ, ತಪ್ಪಾಯಿತು" ಎಂದ. ಬೆಂಚು ಸುಮ್ಮನಾಯಿತು. ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ನಿಮಗೂ ಕೇಳಿಸ್ತಲ್ಲ, ನೀವೇ ಮುಗಿಸಬಹುದಿತ್ತು. ಹೊಸಬರಾ?" ಎಂದ. ಅವನು ಆಡಿದ್ದು ಅವನ ಭಾಷೆ. ಆ ಊರಿನವರ ಮಾತನ್ನೆಲ್ಲ ಇಲ್ಲಿ ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ.

ಆ ಊರಿನಲ್ಲಿ ಯಾರೂ ಕಿವಿಗೊಡದ ಮಾತು ಆಡಿದ ಜಾಗದಲ್ಲೇ ಉಳಿದುಬಿಡುತ್ತದೆ. ಆಡಿದ ಹೊತ್ತಿಗೆ ದಿನವೂ ಮೂರು ನಾಲ್ಕು ಸಲ ಕೇಳಿಸುತ್ತದೆ, ಯಾರಾದರೂ ಕೊನೆಯವರೆಗೆ ಕೇಳುವ ತನಕ. ಜನ ಅದಕ್ಕೆ ತಕ್ಕ ಹಾಗೆ ಬದುಕು ಕಟ್ಟಿಕೊಂಡಿದ್ದರು. ಪೇಪರಿನ ಹಿಂದೆ ಮುಖವಿಟ್ಟು ಹೆಂಡತಿಯ ಮಾತಿಗೆ ಸುಮ್ಮನೆ ತಲೆಯಾಡಿಸಿದ ಗಂಡ ಮರುದಿನ ಅದೇ ಹೊತ್ತಿಗೆ ಒಲೆಯ ಪಕ್ಕ ಸಿಕ್ಕಿಬೀಳುತ್ತಿದ್ದ. ಬಾಡಿಗೆಗೆ ಕೊಡುವ ಮನೆಗಳ ಬಾಗಿಲಿಗೆ 'ಕೇಳಿ ಮುಗಿಸಿದ ಮನೆ' ಎಂದು ಬೋರ್ಡು ತೂಗುತ್ತಿತ್ತು. ಪುರಸಭೆಯಲ್ಲಿ ಬೀದಿ ಗುಡಿಸುವವರ ಹಾಗೆ ಬೀದಿ ಕೇಳುವವರೂ ಇದ್ದರು. ನೀಲಿ ಟೊಪ್ಪಿಗೆ ಹಾಕಿಕೊಂಡು, ಮಡಿಸುವ ಸ್ಟೂಲು ಹಿಡಿದು, ಮೂಲೆ ಮೂಲೆಯಲ್ಲಿ ಕೂತು ಉಳಿದ ಮಾತು ಕೇಳುವುದು ಅವರ ಕೆಲಸ. ಎದುರುಬದುರು ಮಾತಾಡಿದವರು ಹೊರಡುವಾಗ "ಕೇಳಿತಾ?" ಎನ್ನುತ್ತಿದ್ದರು, ಇನ್ನೊಬ್ಬರು "ಕೇಳಿತು" ಎನ್ನಬೇಕು. ಹಾಗೆನ್ನದೆ ಹೋದವರನ್ನು ಮಕ್ಕಳು ಸಹ ವಿಚಿತ್ರವಾಗಿ ನೋಡುತ್ತಿದ್ದವು.

ಕೆಲವು ಮಾತಿಗೆ ಬರೀ ಕಿವಿ ಸಾಲದು. ಅವು ನಡುವೆ ನಿಂತು ಕಾಯುತ್ತವೆ. ಮೀನಂಗಡಿಯ ಮೂಲೆಯಲ್ಲಿ ಒಬ್ಬ ಮುದುಕ ಎಂದೋ ಹೇಳಿಕೊಂಡ ಮಂಡಿನೋವಿನ ಕತೆ "ಆಮೇಲೆ ಏನಾಯಿತು ಗೊತ್ತಾ" ಎನ್ನುವಲ್ಲಿ ನಿಲ್ಲುತ್ತಿತ್ತು. ಸರಿಯಾದ ಕಡೆ, ಸರಿಯಾದ ಬಗೆಯಲ್ಲಿ "ಏನಾಯಿತು?" ಎಂದರೆ ಮಾತ್ರ ಮುಂದೆ ಹೋಗುತ್ತದೆ. ಕೇಳುವವರಿಗೆ ಮೀನು ಕೊಳ್ಳುವ ಅವಸರ. ಕತೆ ಹಾಗೇ ಮೂಲೆಯಲ್ಲಿ ಮಂಡಿ ಹಿಡಿದುಕೊಂಡು ಕೂತಿತ್ತು.

ನಾನು ಹೋದದ್ದು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪದವಿ ಓದಲು: ಕಂಪ್ಯೂಟರ್ ವಿಜ್ಞಾನ, ಭಾಷಾವಿಜ್ಞಾನ, ಎರಡೂ ಒಟ್ಟಿಗೆ. ಹಡಗಿನವರು, ವ್ಯಾಪಾರಿಗಳು, ಓದಲು ಬಂದವರು ತಂತಮ್ಮ ಭಾಷೆಯಲ್ಲಿ ಒಬ್ಬರೇ ಆಡಿಕೊಂಡ ಮಾತು ಊರಿನ ತುಂಬ ಉಳಿದಿತ್ತು. ನೀಲಿ ಟೊಪ್ಪಿಗೆಯವರು ಎಷ್ಟು ಕೂತರೂ ಅದು ಮುಗಿಯುತ್ತಿರಲಿಲ್ಲ. ಭಾಷೆ ಗೊತ್ತಿಲ್ಲದವರ ಕಿವಿಗೆ ಅದು ಬಗ್ಗುವುದಿಲ್ಲ. ಅದಕ್ಕೇ ಭಾಷೆಗೊಬ್ಬರಂತೆ ಹನ್ನೆರಡು ದೇಶಗಳಿಂದ ಹನ್ನೆರಡು ಮಂದಿಯನ್ನು ಕರೆಸಿಕೊಂಡಿದ್ದರು. ಓದು, ಊಟ, ಕೋಣೆ ಎಲ್ಲ ಅವರದೇ. ಷರತ್ತು ಎರಡು. ಎರಡನೆಯ ವರ್ಷ ಮುಗಿಯುವುದರೊಳಗೆ ನಿಮ್ಮ ಭಾಷೆಯಲ್ಲಿ ಉಳಿದಿರುವ ಮಾತನ್ನು ನೀವು ಕೇಳಿ ಮುಗಿಸಬೇಕು. ನೀವು ಹೋದ ಮೇಲೂ ಕೇಳಬಲ್ಲ ಒಂದು ಯಂತ್ರದ ಪೆಟ್ಟಿಗೆಗೆ ನಿಮ್ಮ ಭಾಷೆ ಕಲಿಸಬೇಕು. ಆಗದಿದ್ದರೆ ಮೂರನೆಯ ವರ್ಷಕ್ಕೆ ಪ್ರವೇಶವಿಲ್ಲ, ಊರಿಗೆ ಟಿಕೆಟ್ಟು.

ಇಡೀ ಊರಿನಲ್ಲಿ ಕನ್ನಡ ಉಳಿದಿದ್ದದ್ದು ಒಂದೇ ಕಡೆ, ಓರ್ಲಾ ಎಂಬಾಕೆಯ ಮನೆಯ ಮಹಡಿಯಲ್ಲಿ. ನನ್ನನ್ನು ಅಲ್ಲೇ ಇರಿಸಿದರು. ಆಕೆಯನ್ನು ನಾನು ಮನಸ್ಸಿನಲ್ಲಿ ಓರ್ಲಾಬಾಯಿ ಎನ್ನುತ್ತಿದ್ದೆ. ಒಂದು ದಿನ ಅದು ಬಾಯಿಗೂ ಬಂದುಬಿಟ್ಟಿತು. ಆಕೆಗೆ ಹಿಡಿಸಿ, ಮೀನಿನವನಿಗೂ ಹಾಗೇ ಕರೆಯಲು ಹೇಳಿದಳು.

"ಇಪ್ಪತ್ತೆರಡು ವರ್ಷ ಆಯ್ತು ಕಣಮ್ಮ" ಎಂದಳು ಮೊದಲ ದಿನ, ಕೋಣೆಯ ಬೀಗ ತೆಗೆಯುತ್ತ. "ನಿಮ್ಮ ಕಡೆಯವಳೇ ಒಬ್ಬಳು ಓದೋಕೆ ಬಂದಳು, ಎರಡು ತಿಂಗಳಿದ್ದಳು, ಹೋದಳು. ಬಾಯಿ ಮಾತ್ರ ಇಲ್ಲೇ ಬಿಟ್ಟು ಹೋದಳು. ಸಂಜೆ ಐದೂವರೆಗೆ ಶುರು. ಯಾರನ್ನ ಇಟ್ಟರೂ ವಾರಕ್ಕೆ ಓಡಿಹೋಗ್ತಾರೆ. ಬೇಗ ಕೇಳಿ ಮುಗಿಸಿಬಿಡು, ನಿನಗೆ ಪುಣ್ಯ ಬರುತ್ತೆ."

ಕೋಣೆಗೆ ಒಂದೇ ಕಿಟಕಿ. ಗಾಜಿಗೆ ಧೂಳು ಹಿಡಿದು ಗೋಡೆಯ ಬಣ್ಣವೇ ಬಂದಿತ್ತು. ತೆಗೆಯಲು ಕೈ ಹಾಕಿದೆ.

"ಮುಟ್ಟಬೇಡ! ಮರ ಉಬ್ಬಿ ಕೂತಿದೆ ಅದು. ಗಾಜು ಹೋದರೆ ನಾನು ಸುಮ್ಮನಿರೋಳಲ್ಲ. ಕೇಳಿತಾ?"

"ಕೇಳಿತು."

ಸಂಜೆ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಕೂತಿದ್ದೆ. ಐದೂವರೆಗೆ ಮಂಚದ ಪಕ್ಕದಿಂದ ಒಂದು ಹೆಣ್ಣುದನಿ ಎದ್ದಿತು. ನನ್ನ ವಯಸ್ಸಿನವಳದೇ. ರಾಗವಾಗಿ, ಅವಸರವಿಲ್ಲದೆ:

"ಹೊಳೆಯ ದಾಟುವ ಹೊತ್ತಿನಲಿ ಕೈ
ಚಳಿಯಲದುರಲು ಹಣತೆಯಾರಿತು"

ಅಲ್ಲಿಗೆ ನಿಂತಿತು. ಒಂದು ದೊಡ್ಡ ಉಸಿರಿನಷ್ಟು ಹೊತ್ತು ಕಾದು, ಮತ್ತೆ ಮೊದಲಿನಿಂದ. ಹಾಡುವ ಪದ, ಆದರೆ ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಮ್ಮ ಕಡೆ ಊರಿಗೊಂದರಂತೆ ಮಠಗಳಲ್ಲಿ ಬಾಯಿಂದ ಬಾಯಿಗೆ ದಾಟಿಬಂದ ಇಂಥವು ಬೇಕಾದಷ್ಟಿವೆ. ನನ್ನ ಗಂಟಲಲ್ಲಿ ಹ್ಞೂಂ ಎದ್ದೇಬಿಟ್ಟಿತ್ತು. ನುಂಗಿಕೊಂಡೆ.

ಆ ಹ್ಞೂಂ ಎಲ್ಲಿಂದ ಬಂತು ಎಂದು ಹೇಳಬೇಕು. ನಮ್ಮೂರ ಮಠದ ಪಡಸಾಲೆಯಲ್ಲಿ ಶ್ರಾವಣ ಪೂರ್ತಿ ಪದ ಹೇಳುವುದುಂಟು. ಹೇಳುವವರು ನನ್ನ ತಾಯಿಯ ತಮ್ಮ, ಗುರುಪಾದ ಮಾಮಾ. ಹನ್ನೊಂದು ತಿಂಗಳು ಹೊಲಿಗೆ ಮಷಿನ್ನು, ಒಂದು ತಿಂಗಳು ಪದ. ಹೇಳುವವರ ಎಡಕ್ಕೆ ಒಬ್ಬರು ಕೂತು ಹ್ಞೂಂಗುಟ್ಟಬೇಕು. ಉಳಿದವರು ತುಟಿ ಬಿಚ್ಚುವಂತಿಲ್ಲ. ಪದಕ್ಕೆ ಆರು ಸಾಲು. ಎರಡನೆಯ ಸಾಲಿಗೊಂದು ಹ್ಞೂಂ, ಐದನೆಯದಕ್ಕೊಂದು. ಅದು ಬಾರದೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ, ನೀರು ಕುಡಿದು ಕಾಯುತ್ತಾರೆ. ಆರನೆಯ ವಯಸ್ಸಿನಿಂದ ಆ ಜಾಗ ನನ್ನದು. ಹೆಚ್ಚು ಮಾತಾಡುವುದಿಲ್ಲ, ಕೂತಲ್ಲಿ ತೂಕಡಿಸುವುದಿಲ್ಲ ಎನ್ನುವುದೇ ನನ್ನ ಅರ್ಹತೆ. ಹದಿಮೂರು ಶ್ರಾವಣ ಕೂತೆ. ಒಂದು ಹ್ಞೂಂ ತಪ್ಪಿಸಿದವಳಲ್ಲ.

ಆ ಸಂಜೆ ತಪ್ಪಿಸಿದೆ. ಹ್ಞೂಂ ಎಂದರೆ ಮೂರನೆಯ ಸಾಲು ಬರುತ್ತದೆ, ಆಮೇಲೆ ಮುಂದಿನ ಪದ, ಹಾಗೇ ಕೊನೆ. ಕೊನೆಯಾದರೆ ಈ ಊರಿನಲ್ಲಿ ನನ್ನ ಮಾತಿನ ಒಂದು ದನಿಯೂ ಉಳಿಯುವುದಿಲ್ಲ. ಹೇಗೂ ಎರಡು ವರ್ಷ ಇದೆ, ನಾಳೆ ಅಂದರಾಯಿತು ಎಂದುಕೊಂಡೆ. ಆ ನಾಳೆ ಹದಿನೆಂಟು ತಿಂಗಳಾಯಿತು. ಪ್ರತಿ ಸಂಜೆ ಅವಳ ಎರಡು ಸಾಲಿನ ಎದುರಿಗೆ ಪೂಜೆಗೆ ಕೂತೆ. ವಿಭಾಗದವರು ಕೇಳಿದಾಗ, "ಬಹಳ ಹಳೆಯ ಭಾಷೆ, ನನಗೂ ಅರ್ಥವಾಗುತ್ತಿಲ್ಲ, ಸ್ವಲ್ಪ ಸಮಯ ಬೇಕು" ಎಂದೆ. ಹಣೆಯ ಮೇಲೆ ಮೂರು ಬೆರಳ ವಿಭೂತಿ ಇಟ್ಟುಕೊಂಡೇ ಈ ಸುಳ್ಳು ಹೇಳಿದೆ.

ಹಗಲಿಗೆ ಕೂತುಕೊಳ್ಳಲು ಪುರುಸೊತ್ತಿರಲಿಲ್ಲ. ಕಂಪ್ಯೂಟರ್ ವಿಭಾಗ ಒಂದು ಗುಡ್ಡದ ಮೇಲೆ, ಭಾಷಾ ವಿಭಾಗ ಇನ್ನೊಂದರ ಮೇಲೆ. ನಡುವೆ ಇನ್ನೂರ ಹನ್ನೆರಡು ಮೆಟ್ಟಿಲು. ಎರಡೂ ಓದುವ ನಾವು ಹನ್ನೆರಡು ಮಂದಿ ಸದಾ ಯಾವುದಾದರೊಂದು ಮೆಟ್ಟಿಲ ಮೇಲೆಯೇ ಸಿಗುತ್ತಿದ್ದೆವು, ಬಾಯಲ್ಲಿ ಬ್ರೆಡ್ಡು, ಕಂಕುಳಲ್ಲಿ ಲ್ಯಾಪ್‌ಟಾಪು. ನನ್ನ ಹತ್ತಿರ ಒಂದೇ ನೋಟ್‌ಬುಕ್ಕು. ಮುಂದಿನಿಂದ ಕಂಪ್ಯೂಟರ್, ತಿರುಗಿಸಿ ಹಿಂದಿನಿಂದ ಭಾಷೆ. ಎರಡೂ ನಡುವಿನ ಹಾಳೆಯಲ್ಲಿ ಢಿಕ್ಕಿ ಹೊಡೆದಾಗ ಆ ಸೆಮಿಸ್ಟರ್ ಮುಗಿಯಿತು ಅಂತ ಲೆಕ್ಕ. ಕಂಪ್ಯೂಟರ್ ಗುಡ್ಡದಲ್ಲಿ ವೆಸ್ತ್ರಿ ಸರ್, "ಬೇಡದ್ದನ್ನೆಲ್ಲ ಕತ್ತರಿಸಿ" ಎನ್ನುತ್ತಿದ್ದರು. ಭಾಷೆಯ ಗುಡ್ಡದಲ್ಲಿ ಹಾಲ್ಮಾ ಮೇಡಂ, "ಬೇಡದ್ದು ಯಾವುದು ಅಂತ ನಿಮಗೆ ಈಗಲೇ ಹೇಗೆ ಗೊತ್ತು?" ಎನ್ನುತ್ತಿದ್ದರು. ಅವರ ಮಾತು ಕೇಳಿ ಇಳಿದು, ಇವರ ಮಾತು ಕೇಳಲು ಹತ್ತುವಷ್ಟರಲ್ಲಿ ನನ್ನ ತಲೆಯಲ್ಲಿ ಎರಡೂ ಸೇರಿ ಕದಡುತ್ತಿದ್ದವು.

ಭಾನುವಾರಕ್ಕೊಮ್ಮೆ ಮಾಮಾನ ಫೋನು.

"ದಾನವ್ವಾ, ರೊಟ್ಟಿ ಉಂಡ್ಯೋ ಇಲ್ಲೋ?"

"ಇಲ್ಲೆ ಜ್ವಾಳದ ಹಿಟ್ಟು ಎಲ್ಲಿಂದ ತರ್ಲಿ ಮಾಮಾ. ಬ್ರೆಡ್ಡ ತಿಂತೇನಿ."

"ಬ್ರೆಡ್ಡ! ಅದು ಜ್ವರಾ ಬಂದಾವ್ರು ತಿನ್ನೂದಲ್ಲೇನವಾ. ಮತ್ತ, ಇಲ್ಲೆ ಮಂದಿ ಕೇಳಾಕತ್ತಾರ ನೀ ಏನ್ ಕಲೀತಿ ಅಂತ. ಕಂಪ್ಯೂಟರ್ ಅಂದ್ರ ತಿಳೀತೈತಿ. ಭಾಷಾನೂ ಕಲೀತಾಳ ಅಂದ್ರ, ಆ ಹುಡುಗಿಗೆ ಇನ್ನೂ ಮಾತಾಡಾಕ ಬರಂಗಿಲ್ಲೇನು ಅಂತಾರ."

ಅಂದು ತಡೆಯಲಾಗಲಿಲ್ಲ. ಕೋಣೆಯ ದನಿಯ ಸಂಗತಿ ಹೇಳಿ, ಎರಡು ಸಾಲನ್ನೂ ಅದೇ ರಾಗದಲ್ಲಿ ಹೇಳಿದೆ. ಮೂರನೆಯ ಸಾಲು ಮಾಮಾನಿಗೆ ಗೊತ್ತಿದ್ದರೆ ಎಂಬ ಆಸೆ. ಫೋನಿನ ಆಚೆ ಮನೆಯ ಹೊಲಿಗೆ ಮಷಿನ್ನಿನ ಚಕ್ರ ನಿಂತದ್ದು ಕೇಳಿಸಿತು.

"ಹ್ಞೂಂ. ಮುಂದ?"

"ಮುಂದ ಗೊತ್ತಿಲ್ಲ ಮಾಮಾ. ಆಕಿ ಅಲ್ಲೇ ನಿಲ್ತಾಳ."

"ಯಾಕ ನಿಲ್ತಾಳ? ನೀ ಹ್ಞೂಂ ಅನ್ನಂಗಿಲ್ಲೇನ?"

ಕಿಟಕಿಯ ಗಾಜಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದೆ.

"ದಾನವ್ವಾ."

"ಹ್ಞೂಂ ಅಂದ್ರ ಮುಗೀತೈತಿ ಮಾಮಾ. ಮುಗದ್ರ ನನಗ ಇಲ್ಲೆ ಯಾರೂ ಇರಂಗಿಲ್ಲ."

ಮಾಮಾ ಕತ್ತರಿ ಕೆಳಗಿಟ್ಟ ಸದ್ದು ಬಂತು. ಆಮೇಲೆ, ಮೆಲ್ಲಗೆ: "ಹಣತಿ ಆರಿದ ಮ್ಯಾಲ ಹೊಳಿ ನಡುವ ನಿಂದ್ರಿಸೀದಿ ಅಲ್ಲವಾ ಆಕಿನ್ನ. ವರ್ಷಗಟ್ಟಲೆ." ಮತ್ತೆ, "ಇಡ್ತೇನಿ. ಗಿರಾಕಿ ಬಂದಾರ" ಎಂದು ಫೋನಿಟ್ಟರು. ಭಾನುವಾರ ಅವರ ಅಂಗಡಿ ಮುಚ್ಚಿರುತ್ತದೆ. ಬಯ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಆ ಎರಡು ಸಾಲು ನನ್ನನ್ನು ಕೂರಗೊಡಲಿಲ್ಲ. ಐದೂವರೆಯಾದರೆ ಎದ್ದು ಓಡಾಡುವುದು, ಕಿಟಕಿಯ ಗಾಜು ಒರೆಸುವುದು, ಮತ್ತೆ ಕೂರುವುದು. ಒಮ್ಮೊಮ್ಮೆ ಐದಕ್ಕೇ ಮನೆ ಬಿಟ್ಟು ಬೀದಿ ಬೀದಿ ಅಲೆದು, ಆರಾಯಿತು ಎಂದು ಗಡಿಯಾರ ನೋಡಿಕೊಂಡು ಬರುತ್ತಿದ್ದೆ. ಬಂದು ಕೂತರೆ, ಕೇಳಿಸದೆ ಹೋದ ಆ ಅರ್ಧ ಗಂಟೆಯೂ ಕೋಣೆಯಲ್ಲಿ ನನ್ನನ್ನೇ ನೋಡುತ್ತ ನಿಂತಿರುವಂತೆ ಅನಿಸುತ್ತಿತ್ತು.

ಪೆಟ್ಟಿಗೆಗೆ ಭಾಷೆ ಕಲಿಸುವ ಕೆಲಸ ಶುರುವಾದದ್ದು ಆಗಲೇ. ಪ್ರತಿಯೊಬ್ಬರೂ ತಮ್ಮ ಊರಿನಿಂದ ಹತ್ತು ಗಂಟೆಯ ಮಾತು ತರಿಸಬೇಕು. ಅದನ್ನು ತುಂಡು ತುಂಡು ಮಾಡಿ, ಯಾವ ತುಂಡು ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತು ಎಂದು ಗುರುತು ಹಾಕಿ, ಅದರ ಕೆಳಗೆ ಬರೆಯಬೇಕು. ಹೇಳುವವರ ಮಾತು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಬೇಕು. ನಾನು ತರಿಸಿದ್ದು ಮಠದಲ್ಲಿ ಧ್ವನಿಮುದ್ರಿಸಿದ್ದ ಮಾಮಾನ ಹಳೆಯ ಶ್ರಾವಣಗಳು. ಪರದೆಯ ಮೇಲೆ ಮಾಮಾನ ದನಿ ಏರಿಳಿಯುವ ಗೆರೆಯಾಗಿ ಹರಿಯುತ್ತಿತ್ತು. ಕೆಮ್ಮು ತೆಗೆದೆ, ಘಂಟೆ ತೆಗೆದೆ, ನಾಯಿ ಬೊಗಳಿದ್ದು ತೆಗೆದೆ, ಯಾರದೋ ತಟ್ಟೆ ಬಿದ್ದದ್ದು ತೆಗೆದೆ. ಪ್ರತಿ ಎರಡನೆಯ ಸಾಲಿನ ಕೊನೆಗೆ, ಪ್ರತಿ ಐದನೆಯದರ ಕೊನೆಗೆ, ಸಾಸಿವೆ ಕಾಳಿನಷ್ಟು ಒಂದು ಉಬ್ಬು. ಆರು ವರ್ಷದ ನಾನು. ಹೇಳುವವರ ಮಾತಲ್ಲ, ಹೌದು. ಆದರೆ ಹ್ಞೂಂ ಇಲ್ಲದ ಪದ ಪೂರ್ತಿ ಪದ ಎಂದು ಬರೆಯಲು ನನ್ನ ಕೈ ಬರಲಿಲ್ಲ. ಎಲ್ಲವನ್ನೂ ಪದದ ಒಳಗೇ ಸೇರಿಸಿ ಗುರುತು ಹಾಕಿದೆ.

"ದಾನೇಶ್ವರಿ, ನಿಮ್ಮ ಫೈಲಿನಲ್ಲಿ ಒಂದು ಮಗು ಇದೆ" ಎಂದರು ವೆಸ್ತ್ರಿ ಸರ್, ತರಗತಿಯ ಎದುರಿಗೆ. "ಒಂದಲ್ಲ, ಸಾವಿರದ ನೂರ ನಲವತ್ತು ಸಲ."

"ಹೌದು ಸರ್."

"ತೆಗೆಯಿರಿ. ಅದು ಸದ್ದು."

"ಸದ್ದಲ್ಲ ಸರ್."

"ಮತ್ತೇನು?"

"ನಾನು."

ತರಗತಿ ನಕ್ಕಿತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ನೀವಾದರೂ ಅಷ್ಟೇ. ಅಂಕ ಹೋಗುತ್ತೆ" ಎಂದರು.

ಮೆಟ್ಟಿಲಿಳಿದು, ಹತ್ತಿ, ಹಾಲ್ಮಾ ಮೇಡಂ ಹತ್ತಿರ ಹೋದೆ. ಅವರು ಮಾಮಾನ ಪದ ಒಂದನ್ನು ಕಣ್ಣು ಮುಚ್ಚಿ ಕೇಳಿದರು. "ಒಂದನ್ನೂ ಕತ್ತರಿಸಬೇಡಿ" ಎಂದರು. "ಆ ಗುಡ್ಡದಲ್ಲಿ ಕಳೆದ ಅಂಕ ಈ ಗುಡ್ಡದಲ್ಲಿ ಸಿಗುತ್ತೆ. ಅದಕ್ಕೇ ತಾನೇ ನೀವು ಎರಡೂ ಓದ್ತಿರೋದು?"

ಪೆಟ್ಟಿಗೆ ಹಿಟ್ಟಿನ ಡಬ್ಬಿಯಷ್ಟು ದೊಡ್ಡದು, ಮುಂದೆ ಒಂದು ಜಾಲರಿ. ಎರಡು ತಿಂಗಳು ಕಲಿತ ಮೇಲೆ ಪರೀಕ್ಷೆಗೆಂದು ವೆಸ್ತ್ರಿ ಸರ್ ಅದು ಹಿಂದೆಂದೂ ಕೇಳದ ಮಾಮಾನ ಒಂದು ಪದ ಹಾಕಿದರು. ನನ್ನ ಹ್ಞೂಂಗಳನ್ನು ತಾವೇ ಅದರಿಂದ ಕತ್ತರಿಸಿ ತಂದಿದ್ದರು. ಮಾಮಾ ಎರಡು ಸಾಲು ಹೇಳಿದರು. ಸ್ವಲ್ಪ ಬಿಡುವು. ಜಾಲರಿಯ ಒಳಗಿನಿಂದ ಎಳೆಯ ದನಿಯೊಂದು "ಹ್ಞೂಂ" ಎಂದಿತು.

ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. ಮತ್ತೊಮ್ಮೆ ಹಾಕಿದರು. ಮತ್ತೆ "ಹ್ಞೂಂ". ಅವರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಉಳಿದ ಹನ್ನೊಂದು ಮಂದಿಗೂ, "ನಿಮ್ಮ ನಿಮ್ಮ ಕಡೆ ಕೇಳುವವರು ಏನಂತಾರೆ, ಎಲ್ಲಿ ಅಂತಾರೆ, ಅದನ್ನೂ ತನ್ನಿ" ಎಂದರು. ಊರಿನ ಭಾಷೆಯದನ್ನು ತಾವೇ ತಂದರು. ತಿಂಗಳೊಳಗೆ ಪೆಟ್ಟಿಗೆ ಮೀನಂಗಡಿಯ ಮೂಲೆಯಲ್ಲಿ ಕೂತು ಸರಿಯಾದ ಹೊತ್ತಿಗೆ "ಏನಾಯಿತು?" ಎಂದಿತು. ಮುದುಕನ ಮಂಡಿನೋವಿನ ಕತೆ ಮುಂದುವರಿದು, ಮಗಳು ಎಣ್ಣೆ ತಿಕ್ಕಿದಳು ಎನ್ನುವಲ್ಲಿಗೆ ಮುಗಿಯಿತು. ಮೂಲೆ ನಿಶ್ಶಬ್ದವಾಯಿತು. ಸ್ಟೂಲು ಹಿಡಿದು ನಿಂತಿದ್ದ ನೀಲಿ ಟೊಪ್ಪಿಗೆಯವನೊಬ್ಬ, "ಮಗಳು ಬಂದಿದ್ದಳಾ! ಹನ್ನೆರಡು ವರ್ಷ ಇದೇ ದಾರೀಲಿ ಹೋಗಿದ್ದೀನಿ, ಗೊತ್ತೇ ಇರಲಿಲ್ಲ" ಎಂದ.

ಆ ಸಂತೋಷದಲ್ಲೇ ವೆಸ್ತ್ರಿ ಸರ್ ಹೇಳಿದರು: "ಮುಂದಿನದು ಓರ್ಲಾ ಅವರ ಮಹಡಿ. ಬುಧವಾರ ಸಂಜೆ ಐದೂವರೆ. ಹಳೆಯ ಭಾಷೆ, ಅರ್ಥವಾಗಲ್ಲ ಅಂದಿದ್ದಿರಲ್ಲ ದಾನೇಶ್ವರಿ, ಚಿಂತೆ ಬಿಡಿ. ಪೆಟ್ಟಿಗೆ ನೋಡಿಕೊಳ್ಳುತ್ತೆ. ನಿಮ್ಮ ಮೂರನೆಯ ವರ್ಷವೂ ಗಟ್ಟಿ." ಹಾಲ್ಮಾ ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನು ನೋಟ್‌ಬುಕ್ಕಿನ ಎರಡೂ ಕಡೆಯ ರಟ್ಟು ಮುಚ್ಚಿದೆ.

ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯಕ್ಕೆ ಹೋದೆ. ಸಾವಿರದ ನೂರ ನಲವತ್ತು ಹ್ಞೂಂಗಳಿಗೂ ನಾನು ಒಂದೇ ಗುರುತು ಕೊಟ್ಟಿದ್ದೆ. ಒಂದು ಸಾಲಿನ ಆಜ್ಞೆ ಬರೆದರೆ ಎಲ್ಲವೂ ಹೋಗುತ್ತವೆ. ನಾಳೆ ಪೆಟ್ಟಿಗೆ ಬಾಯಿ ತೆರೆಯುವುದಿಲ್ಲ. ಕೋಣೆಯ ದನಿ ಉಳಿಯುತ್ತದೆ. ನಾನು ಉಳಿಯುವುದಿಲ್ಲ, ಆ ಮಾತು ಬೇರೆ. ಆಜ್ಞೆ ಬರೆದೆ. ಏನನ್ನೇ ತೆಗೆಯುವ ಮೊದಲು ಒಂದನ್ನಾದರೂ ಕೇಳಿ ನೋಡಬೇಕೆಂಬುದು ವೆಸ್ತ್ರಿ ಸರ್ ನಮಗೆ ಹಾಕಿದ್ದ ಅಭ್ಯಾಸ. ಹೆಡ್‌ಫೋನು ಕಿವಿಗೆ ಹಾಕಿಕೊಂಡು ಒತ್ತಿದೆ. ಮಾಮಾ ಒಂದನೆಯ ಸಾಲು ಹೇಳಿದರು. ಎರಡನೆಯದನ್ನು ಹೇಳಿದರು. "ಹ್ಞೂಂ" ಎಂದೆ. ನನಗೇ ತಿಳಿಯದೆ, ಗಟ್ಟಿಯಾಗಿ, ಆ ಮಗುವಿನ ಜೊತೆಗೇ. ಪಕ್ಕದ ಮೇಜಿನವನು ತಿರುಗಿ ನೋಡಿದ. ಬರೆದದ್ದನ್ನು ಅಳಿಸಿ ಎದ್ದುಬಂದೆ.

ಪೆಟ್ಟಿಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ ಎಂದು ಆ ಸಂಜೆ ಮಂಚದ ಎದುರಿಗೆ ಕೂತೆ. ಎರಡು ಸಾಲು ಬಂದವು. ಬಾಯಿ ತೆರೆದೆ. ಹದಿನೆಂಟು ತಿಂಗಳು ಸುಮ್ಮನಿದ್ದವಳು ಈಗ ಯಾವ ಮುಖದಿಂದ ಹ್ಞೂಂ ಎನ್ನಲಿ? ಅವಳು ನಾಲ್ಕು ಸಲ ಹೇಳಿ, ನಾಲ್ಕು ಸಲ ಕಾದು, ನಿಂತಳು.

ಬುಧವಾರ ಐದಕ್ಕೇ ಎಲ್ಲರೂ ಬಂದರು. ಓರ್ಲಾಬಾಯಿ ಹೊಸ ಕುಪ್ಪಸ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ವೆಸ್ತ್ರಿ ಸರ್ ಪೆಟ್ಟಿಗೆಯನ್ನು ನನ್ನ ಮಂಚದ ಮೇಲೆ, ನನ್ನ ಕೌದಿಯ ಮೇಲೆ ಇಟ್ಟರು. ಹಾಲ್ಮಾ ಮೇಡಂ ಗೋಡೆಗೊರಗಿ ನೆಲದ ಮೇಲೆ ಕೂತರು. ನಾನು ಎಲ್ಲಿ ಕೂರುವುದೆಂದು ತಿಳಿಯದೆ ನಿಂತೇ ಇದ್ದೆ.

"ಹೊಳೆಯ ದಾಟುವ ಹೊತ್ತಿನಲಿ ಕೈ
ಚಳಿಯಲದುರಲು ಹಣತೆಯಾರಿತು"

ಕಾದಿತು.

"ಹ್ಞೂಂ" ಎಂದಳು ಆರು ವರ್ಷದ ನಾನು.

ದನಿ ಒಂದು ಸಣ್ಣ ಉಸಿರು ಎಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

"ಇಳಿದು ಬಂದನು ದಡದಿನಂಬಿಗ ಬೆಳಕನೆದೆಗಿಟ್ಟು"

ಪೆಟ್ಟಿಗೆಯ ಎಡಕ್ಕೆ, ನೆಲದ ಮೇಲೆ ಕೂತುಬಿಟ್ಟೆ. ಪದ ಮುಂದುವರಿಯಿತು. ಅಂಬಿಗ ಬಂದ, ಹಣತೆಗೆ ಹಣತೆ ತಾಗಿಸಿದ, ಕೂಲಿ ಕೇಳಲಿಲ್ಲ, ಹೆಸರು ಹೇಳಲಿಲ್ಲ. ಏಳು ಪದ. ಹದಿನಾಲ್ಕು ಹ್ಞೂಂ. ಒಂದನ್ನೂ ಆ ಮಗು ತಪ್ಪಿಸಲಿಲ್ಲ. ಏಳನೆಯದು ಮುಗಿದಾಗ ವೆಸ್ತ್ರಿ ಸರ್ ಕೈಗಡಿಯಾರ ನೋಡಿಕೊಂಡು ಎದ್ದರು. ಆಗ ದನಿ ರಾಗ ಬಿಟ್ಟು, ಗಂಟಲು ಸರಿ ಮಾಡಿಕೊಂಡು, ಮಾತಿಗೆ ಇಳಿಯಿತು.

"ಇಲ್ಲೀಮಟಾ ಹ್ಞೂಂ ಅಂದ್ಯಲ್ಲಾ, ಹಂಗಾರ ನೀ ನಮ್ಮ ಕಡಿಯಾಕೀನ. ಬ್ಯಾರೇದಾವ್ರು ಕೇಳಿ ಮುಗಸಬಾರ್ದಂತ ಪದಾ ಮುಂದಿಟ್ಟು ಮಾತು ಹಿಂದಿಟ್ಟೇನಿ. ನಾ ಶರಣಮ್ಮ. ನಾಳೆ ಊರಿಗೆ ಹೊಂಟೇನಿ. ಈ ಖೋಲಿಗೆ ಮುಂದ ಬರಾಕಿಗೆ ನಾಕ ಮಾತು ಹೇಳೂದೈತಿ. ಕೇಳಾಕತ್ತೀಯಿಲ್ಲ?"

ನಿಂತಿತು. ಪೆಟ್ಟಿಗೆ ಸುಮ್ಮನಿತ್ತು. ಸರ್ ಜಾಲರಿಯ ಮೇಲೆ ಬೆರಳಿನಿಂದ ತಟ್ಟಿದರು. "ಯಾಕೆ ನಿಂತಿತು?"

ಅದಕ್ಕೆ ನಾನು ಪದಕ್ಕೆ ಹ್ಞೂಂ ಅನ್ನುವುದು ಕಲಿಸಿದ್ದೆ, ಮಾತಿಗಲ್ಲ. ದನಿ ಕಾಯುತ್ತಿತ್ತು, ಇನ್ನು ಸ್ವಲ್ಪ ಹೊತ್ತಾದರೆ ಮತ್ತೆ ಹೊಳೆಯ ನಡುವಿಗೆ ಹೋಗಿ ನಿಲ್ಲುತ್ತದೆ. ಹಾಲ್ಮಾ ಮೇಡಂ ನನ್ನ ಕಡೆ ತಿರುಗಲಿಲ್ಲ. ತಿರುಗದಿದ್ದದ್ದೇ ಒಳ್ಳೆಯದಾಯಿತು.

"ಹ್ಞೂಂ" ಎಂದೆ.

"ಕಿಟಕಿ ಉಬ್ಬಿಲ್ಲ. ಮನಿಯಾಕಿ ಮುಟ್ಟಬ್ಯಾಡ ಅಂತಾಳ, ಆಕಿಗೂ ಗೊತ್ತಿಲ್ಲ. ಎರಡೂ ಕೈಲೆ ಮ್ಯಾಲ ಎತ್ತು, ಆಮ್ಯಾಲ ಹೊರಗ ದಬ್ಬು. ತೆಗೀತೈತಿ."

"ಹ್ಞೂಂ."

"ಬಂದರದ ಮೆಟ್ಟಲಾ ಇಳದ್ರ ಹಕ್ಕಿ ಕಾಳಿನ ಅಂಗಡಿ ಐತಿ. ಪಾರಿವಾಳಕ್ಕಂತ ಬಿಳಿ ಜ್ವಾಳಾ ಇಡ್ತಾರ. ಪಕ್ಕದಾಗ ಕಾಫಿ ಬೀಜಾ ಬೀಸಾವ ಬೀಸಿಕೊಡ್ತಾನ. ಮೊದಲನೇ ಸಲಾ ನಗ್ತಾನ, ನಗ್ಲಿ. ರೊಟ್ಟಿ ಕಾಫಿ ವಾಸನಿ ಹೊಡೀತೈತಿ, ಹೊಡೀಲಿ."

"ಹ್ಞೂಂ."

"ಮನಿಯಾಕಿ ಬಾಯಿ ಜೋರು, ಮನಸ ಛಲೋ. ಜ್ವರಾ ಬಂದ್ರ ಆಕಿನ್ನ ಕರಿ, ನಾಚಬ್ಯಾಡ."

"ಹ್ಞೂಂ."

ಮುಂದಿನದನ್ನು ಹೇಳುವಾಗ ಅವಳ ದನಿ ಗೋಡೆಯ ಕಡೆಗೆ ತಿರುಗಿಕೊಂಡ ಹಾಗಿತ್ತು.

"ನಾ ಎರಡ ತಿಂಗಳಿಗೆ ಸೋತ್ನಿ. ಇಲ್ಲೆ ನಾ ಏನಂದ್ರೂ ಹ್ಞೂಂ ಅನ್ನಾವ್ರು ಒಬ್ರೂ ಇರ್ಲಿಲ್ಲ. ನಿನಗ ನಾ ಇದ್ದೇನಿ ಅಂತ ತಿಳಿ. ಕಲಿಯೂದು ಬಿಟ್ಟು ಬರಬ್ಯಾಡ. ಇಷ್ಟ ನನ್ನ ಮಾತು."

ಇದಕ್ಕೆ ಹ್ಞೂಂ ಎಂದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಅವಳು ನನಗೆಂದೇ ಇಷ್ಟನ್ನೆಲ್ಲ ಕಟ್ಟಿಟ್ಟು ಹೋಗಿದ್ದಳು. ನಾನು ಎರಡನೆಯ ಸಾಲಿನಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದೆ. ಮಠದ ಪಡಸಾಲೆಯಲ್ಲಿ ಕೂರುತ್ತಿದ್ದ ಹಾಗೆ ಬೆನ್ನು ನೇರ ಮಾಡಿಕೊಂಡೆ.

"ಹ್ಞೂಂ" ಎಂದೆ.

ಕೋಣೆ ಬರೀ ಕೋಣೆಯಾಯಿತು. ಕೆಳಗೆ ಅಡುಗೆಮನೆಯಲ್ಲಿ ನೀರು ಕುದಿಯುವುದು ಕೇಳಿಸಿತು.

"ನನ್ನ ಬಗ್ಗೆ ಏನೋ ಅಂದಳು ಅಲ್ವಾ?" ಎಂದಳು ಓರ್ಲಾಬಾಯಿ. "ಕೈ ನನ್ನ ಕಡೆ ಮಾಡಿದ ಹಾಗಿತ್ತು ದನಿ."

"ಬಾಯಿ ಜೋರು ಅಂದಳು."

"ನೋಡಿದೆಯಾ! ಅಷ್ಟು ಸೂಪು ಕುಡಿಸಿದ್ದೆ ಅವಳಿಗೆ" ಎಂದು ಮೂಗು ಏರಿಸಿಕೊಂಡು ಮೆಟ್ಟಿಲಿಳಿದಳು. ವೆಸ್ತ್ರಿ ಸರ್ ಪೆಟ್ಟಿಗೆಯನ್ನು ಎತ್ತಿಕೊಂಡು, "ಕೊನೆಯ ಭಾಗ ಪೆಟ್ಟಿಗೆಯದಲ್ಲ, ನಿಮ್ಮದು ಅಂತ ಬರೀತೀನಿ. ಹಳೆಯ ಭಾಷೆ ಚೆನ್ನಾಗಿಯೇ ಅರ್ಥವಾಗುತ್ತೆ ನಿಮಗೆ" ಎಂದರು. ನಾನು ತಲೆ ಎತ್ತಲಿಲ್ಲ. "ಸುಳ್ಳು ಹೇಳಿದ್ದೆ ಸರ್" ಎಂದೆ. ಅವರು ಹಾಲ್ಮಾ ಮೇಡಂ ಕಡೆ ನೋಡಿದರು. ಮೇಡಂ ಎದ್ದು ಜೋಮು ಹಿಡಿದಿದ್ದ ಮಂಡಿ ನೀವಿಕೊಂಡು, "ಕೇಳಿತು" ಎಂದರು. ಇಬ್ಬರೂ ಇಳಿದು ಹೋದರು.

ಒಬ್ಬಳೇ ಆದ ಮೇಲೆ ಕಿಟಕಿಯ ಹತ್ತಿರ ಹೋದೆ. ಎರಡೂ ಕೈಯಿಂದ ಮೇಲೆತ್ತಿ, ಹೊರಗೆ ದಬ್ಬಿದೆ. ಒಂದು ಸಲ ಕಿರ್ರೆಂದು, ಪೂರ್ತಿ ತೆರೆದುಕೊಂಡಿತು. ಗಾಳಿ ಒಳನುಗ್ಗಿ ನೋಟ್‌ಬುಕ್ಕಿನ ಹಾಳೆಗಳನ್ನು ಎರಡೂ ಕಡೆಗೆ ಮಗುಚಿತು. ಕೆಳಗೆ ದೋಣಿಗಳು ನಿಂತ ಬಂದರು, ಅಲ್ಲಿಗೆ ಇಳಿಯುವ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಹಕ್ಕಿಯ ಚಿತ್ರ ಬರೆದ ಒಂದು ಹಳೆಯ ಬೋರ್ಡು. ಅದರ ಕೆಳಗೆ ಬಾಗಿಲು ಇನ್ನೂ ತೆರೆದಿತ್ತು.

"ಯಾರೇ ಅದು ಕಿಟಕಿ ಮುರಿದದ್ದು?" ಕೆಳಗಿನಿಂದ ಓರ್ಲಾಬಾಯಿಯ ಕೂಗು. "ಮನೆಯೆಲ್ಲ ಚಳಿ! ಮುಚ್ಚು ಅದನ್ನ! ಕೇಳಿತಾ?"

"ಕೇಳಿತು" ಎಂದೆ. ಮುಚ್ಚಲಿಲ್ಲ. ಮೂಲೆಯಲ್ಲಿದ್ದ ಬಟ್ಟೆಯ ಚೀಲ ಕೊಡವಿಕೊಂಡು, ಅಂಗಡಿ ಮುಚ್ಚುವ ಮೊದಲೇ ಮುಟ್ಟಬೇಕೆಂದು ಮೆಟ್ಟಿಲಿಳಿದೆ.